ಅರವತ್ತು ಎಡತೋಳು

ಅರವತ್ತು ತೋಳುಗಳೂ ಎಡಗೈಯವೇ. ಪಟಾಕಿ ಅದರಲ್ಲಿ ಎರಡನ್ನು ತಂದು ಕಟಿಂಗ್ ಮೇಜಿನ ಅಂಚಿನಲ್ಲಿ ಅಕ್ಕಪಕ್ಕ ಇಟ್ಟಳು. ಅಂಗಿಗಳಿಗೆ ತೋಳು ಕೂರಿಸುವುದು ಅವಳ ಕೆಲಸ. ಅವಳು ಬಾಯಿ ತೆರೆದರೆ ಹದಿನಾಲ್ಕು ಹೊಲಿಗೆ ಯಂತ್ರಗಳ ಸದ್ದೂ ಕೇಳಿಸುವುದಿಲ್ಲವೆಂದು ಆ ಹೆಸರು ಬಿದ್ದಿತ್ತು. ಅಂಥವಳು ಈಗ ಪಿಸುಗುಟ್ಟಿದಳು.

"ನೋಡು. ಯಾರಿಗೂ ಹೇಳಿಲ್ಲ ಇನ್ನೂ."

ಬಟ್ಟೆ ಕತ್ತರಿಸುವ ಕೆಲಸದ ಕಟಿಂಗ್ ಅಕ್ಕ ನೋಡಿದಳು. ತೋಳಿನ ಆಕಾರದ ರಟ್ಟನ್ನು ಬಟ್ಟೆಯ ಮೇಲೆ ಒಮ್ಮೆ ಹಾಗೇ ಇಟ್ಟು, ಇನ್ನೊಮ್ಮೆ ಮಗುಚಿಟ್ಟು ಗೆರೆ ಎಳೆಯಬೇಕು. ಮೂವತ್ತು ಪದರ ಬಟ್ಟೆಯನ್ನು ಒಟ್ಟಿಗೇ ಕತ್ತರಿಸುವಾಗ ಮಗುಚುವುದನ್ನು ಮರೆತರೆ ಮೂವತ್ತು ಅಂಗಿಗೂ ಬಲತೋಳಿಲ್ಲ. ಹೊಸಬರಿಗೆ ಮೊದಲ ದಿನ ಅವಳೇ ಹೇಳಿಕೊಡುತ್ತಿದ್ದ ಪಾಠ ಅದು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

"ತಿರುಗಿಸಿ ಹೊಲಿದ್ರೆ...?"

"ಒಳಮೈ ಹೊರಗೆ ಬರುತ್ತೆ. ಅದನ್ನೂ ನಿನಗೆ ನಾನು ಹೇಳ್ಬೇಕಾ?" ಪಟಾಕಿ ಅವಳ ಮುಖವನ್ನೇ ದಿಟ್ಟಿಸಿದಳು. "ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ನಿದ್ದೆಗೇನು ಬಂತು, ಮಾಡ್ತೀನಿ."

"ಹೆಬ್ಬೆರಳು ತೋರಿಸು."

ಕಟಿಂಗ್ ಅಕ್ಕ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹೋದ ವಾರ ಯಂತ್ರದ ಅಲಗು ಉಗುರನ್ನು ಸವರಿಕೊಂಡು ಹೋಗಿತ್ತು. ತರಕಾರಿ ಹೆಚ್ಚುವಾಗ ಆದದ್ದೆಂದು ಎಲ್ಲರಿಗೂ ಹೇಳಿದ್ದಳು.

ನಿದ್ದೆ ಕೆಟ್ಟು ಎಂಟು ತಿಂಗಳಾಗಿತ್ತು. ರಾತ್ರಿ ಎರಡೂವರೆಗೆ ಯಾರೋ ತಟ್ಟಿ ಎಬ್ಬಿಸಿದಂತೆ ಎಚ್ಚರ, ಮೈಯೆಲ್ಲ ಕಾವು. ಹೊದಿಕೆ ಒದ್ದರೆ ಚಳಿ. ಆಮೇಲೆ ಬೆಳಗಿನವರೆಗೆ ಗಂಡನ ಉಸಿರನ್ನು ಕೇಳುತ್ತ ಮಲಗಿರುವುದು. ಹಗಲಲ್ಲಿ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಬಾಚಣಿಗೆ ಸಿಗಲಿಲ್ಲವೆಂದು ಮಗಳ ಮೇಲೆ ರೇಗಿ, ಅವಳು ಅತ್ತುಕೊಂಡು ಕಾಲೇಜಿಗೆ ಹೋದ ಮೇಲೆ ಬಾಗಿಲ ಹಿಂದೆ ನಿಂತು ತಾನೂ ಅತ್ತಿದ್ದಳು. ನಿದ್ದೆ ಬರುವುದಿಲ್ಲ ಎಂದು ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ಪಟಾಕಿ ಬಗ್ಗಿ ಕಟಿಂಗ್ ಯಂತ್ರದ ಪ್ಲಗ್ ಕಿತ್ತಳು.

"ಏನಿದು? ನನ್ನ ಜಾಗದ ಮೇಲೆ ಕಣ್ಣು ಹಾಕಿದ್ದೀಯಾ?"

"ಅಯ್ಯೋ, ಯಾರಿಗೆ ಬೇಕು ನಿನ್ನ ಜಾಗ! ದಿನಪೂರ್ತಿ ನಿಂತಿರ್ಬೇಕು. ನಾನು ಕೂತು ಬೆಳೆದ ಹೆಂಗಸು, ಮೈ ನೋಡಿದ್ರೆ ಗೊತ್ತಾಗಲ್ವಾ?" ಪಟಾಕಿ ನಗಲಿಲ್ಲ. "ಈ ಮಿಷನ್ ಬೆರಳು ಯಾವುದು, ಬಟ್ಟೆ ಯಾವುದು ಅಂತ ನೋಡಲ್ಲ ಕಣೇ. ಮೂರು ವರ್ಷದ ಕೆಳಗೆ ನನಗೂ ಹೀಗೇ ಆಗಿತ್ತು. ಆಗ ನೀನು ಎಲ್ಲರೆದುರು ಕೇಳಿದ್ದೆ, ತೂಕಡಿಸೋಕೆ ಇಲ್ಲಿಗೆ ಬರ್ತೀಯಾ ಅಂತ."

ಕಟಿಂಗ್ ಅಕ್ಕನಿಗೆ ಅದು ನೆನಪಿತ್ತು. ಎಲ್ಲರೂ ನಕ್ಕದ್ದೂ ನೆನಪಿತ್ತು. ಅದರ ಸೇಡು ತೀರಿಸಿಕೊಳ್ಳಲು ಇಂಥ ದಿನ ಪಟಾಕಿಗೆ ಇನ್ನೊಮ್ಮೆ ಸಿಗುತ್ತಿರಲಿಲ್ಲ.

ಎರಡು ತೋಳುಗಳನ್ನೂ ಎತ್ತಿಕೊಂಡು ಕಟಿಂಗ್ ಅಕ್ಕ ತಾನೇ ಹೊಲಿಗೆ ಘಟಕದ ಒಡತಿ ಮೇಡಂ ಹತ್ತಿರ ಹೋದಳು. ಆದದ್ದನ್ನು ಹೇಳಿ ಹೆಬ್ಬೆರಳನ್ನೂ ಮುಂದೆ ಚಾಚಿದಳು. ಮೇಡಂ ತೋಳುಗಳನ್ನು ನೋಡಿದರು, ಬೆರಳನ್ನೂ ನೋಡಿದರು.

"ಬಟ್ಟೆ ಇನ್ನೊಂದು ಥಾನು ತರಿಸಬಹುದು," ಎಂದರು. "ಸರಿಯಾಗಿ ನಿದ್ದೆ ಬರೋವರೆಗೂ ನೀವು ಮಿಷನ್ ಮುಟ್ಟಬೇಡಿ. ಗುಂಡಿ ಹೊಲೀರಿ. ಕಟಿಂಗ್ ನಾನು ನೋಡ್ಕೋತೀನಿ."

"ಆಮೇಲೆ...?"

"ಆಮೇಲೆ ಏನು? ನಿಮ್ಮ ಮೇಜು ನಿಮಗೇ."

ಸಂಜೆ ಪಟಾಕಿಯೇ ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. "ಇವಳು ಸಂಕೋಚ ಪಡ್ತಾಳೆ, ನಾನೇ ಹೇಳ್ಬಿಡ್ತೀನಿ ಡಾಕ್ಟ್ರೇ," ಎಂದು ಕೂರುವ ಮೊದಲೇ ಶುರು ಮಾಡಿದಳು. ಡಾಕ್ಟರ್ ಅವಳ ಮಾತು ಮುಗಿಯುವವರೆಗೂ ಕಾದರು. ಆಮೇಲೆ ಕಟಿಂಗ್ ಅಕ್ಕನ ಕಡೆ ತಿರುಗಿ, "ಮುಟ್ಟು ನಿಲ್ಲೋ ಈ ವಯಸ್ಸಲ್ಲಿ ತುಂಬ ಜನಕ್ಕೆ ಆಗುತ್ತೆ, ಇದಕ್ಕೆ ಚಿಕಿತ್ಸೆ ಇದೆ. ಇಷ್ಟು ದಿನ ಯಾಕಮ್ಮ ಸಹಿಸ್ಕೊಂಡ್ರಿ?" ಎಂದರು. ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ.

ಔಷಧಿ ಶುರುವಾಯಿತು. ಸಂಜೆಯ ಚಹಾ ನಿಂತಿತು. ನಿದ್ದೆ ಒಮ್ಮೆಗೇ ಬರಲಿಲ್ಲ. ಮೊದಲು ಮೂರೂವರೆವರೆಗೆ, ಆಮೇಲೆ ನಾಲ್ಕೂವರೆವರೆಗೆ. ಅವಳು ಐದು ವಾರ ಗುಂಡಿ ಹೊಲಿದಳು. ಮೇಡಂ ಕಟಿಂಗ್ ಮೇಜಿನ ಮುಂದೆ ನಿಂತು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ಕತ್ತರಿಸಿದರು.

ಆರನೆಯ ವಾರದ ಒಂದು ದಿನ ಎದ್ದಾಗ ಗೋಡೆಯ ಮೇಲೆ ಆಗಲೇ ಬಿಸಿಲಿತ್ತು. ಅಡುಗೆಮನೆಯಲ್ಲಿ ಮಗಳು ಸದ್ದು ಮಾಡದೆ ಪಾತ್ರೆ ಇಡುತ್ತಿದ್ದಳು. "ಅಪ್ಪ ಎಬ್ಬಿಸ್ಬೇಡ ಅಂದ್ರು," ಎಂದಳು.

ತಲೆಗೆ ಎರಡು ಸಲ ಬಾಚಣಿಗೆ ಆಡಿಸಿಕೊಂಡು ಕಟಿಂಗ್ ಅಕ್ಕ ಓಡುತ್ತಲೇ ಕೆಲಸಕ್ಕೆ ಬಂದಳು. ಒಳಗೆ ಕಾಲಿಟ್ಟಾಗ ಒಂದೊಂದಾಗಿ ಯಂತ್ರಗಳು ನಿಂತವು. ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಾಗಲಿಲ್ಲ. ಪಟಾಕಿ ಎದ್ದು ಬಂದು, ಯಂತ್ರದೆಣ್ಣೆಯ ವಾಸನೆಯ ಬೆರಳನ್ನು ಅವಳ ಕೆನ್ನೆಯ ಮೇಲಿಟ್ಟು, ಕಿವಿಯಿಂದ ತುಟಿಯವರೆಗೆ ದಿಂಬಿನ ಹೊಲಿಗೆ ಮೂಡಿಸಿದ್ದ ಕೆಂಪು ಗೆರೆಯನ್ನು ಮೆಲ್ಲಗೆ ಸವರಿದಳು.

ಮೇಡಂ ಕಟಿಂಗ್ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟರು.