ಕೈ ಮುಗಿದು ಇಳಿಯುವ ನೀರು

ಚಂದನ ದೊಡ್ಡವಳಾದಾಗ ಮಾಡಿದ ಒಸಗೆಯನ್ನು ಬಂಗಾರಪೇಟೆ ಸುತ್ತಿನ ಬಂಧುಬಳಗ ಇನ್ನೂ ಮರೆತಿಲ್ಲ. ಸೋದರಮಾವ ಕಾಂತರಾಜ್ ಅತ್ತಿ ಸೊಪ್ಪು, ನೇರಳೆ ಸೊಪ್ಪು ಕಡಿದು ತಂದು ಅಂಗಳದಲ್ಲಿ ಗುಡ್ಲು ಹಾಕಿದ. ಚಿಗಳಿ ಉಂಡೆ, ಕೊಬ್ಬರಿ, ಬೆಲ್ಲ, ಹೊಸ ಸೀರೆ, ಮೈಕ್ ಸೆಟ್ಟು, ಯಾವುದಕ್ಕೂ ಕೊರತೆಯಿರಲಿಲ್ಲ. ಹನ್ನೆರಡು ತುಂಬಿದ ಹುಡುಗಿಯ ಮೈಯಲ್ಲಿ ಏನಾಯಿತು ಎಂಬುದನ್ನು ಊರಿಗೆಲ್ಲ ಡಂಗುರ ಹೊಡೆದದ್ದಾಯಿತು. ಆದರೆ ತಿಂಗಳು ತಿಂಗಳು ಅವಳು ಏನು ಮಾಡಿಕೊಳ್ಳಬೇಕು, ಸ್ಕೂಲಿನಲ್ಲಿ ಹೇಗೆ ಸಂಭಾಳಿಸಬೇಕು ಎಂದು ಮಾತ್ರ ಬಂದವರಲ್ಲಿ ಒಬ್ಬರೂ ಹೇಳಿಕೊಡಲಿಲ್ಲ. ಆರತಿ ಎತ್ತಿದ ಅಷ್ಟು ಮಂದಿ ಹೆಂಗಸರಿಗೆ ಬಾಯಿ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು, ಊಟಕ್ಕೆ ಬಳಸಿದರು.

ತಾಯಿ ಕಲ್ಪನ ಒಂದು ಪ್ಯಾಕೆಟ್ ಪ್ಯಾಡು ಕೊಟ್ಟು, ಹೇಗೆ ಅಂಟಿಸಬೇಕು, ಹೇಗೆ ಕಾಗದದಲ್ಲಿ ಸುತ್ತಿ ಎಸೆಯಬೇಕು ಎಂದು ತೋರಿಸಿದ್ದಳು. ತನ್ನ ತಾಯಿ ತನಗೆ ಅಷ್ಟೂ ಹೇಳಿರಲಿಲ್ಲವಾದ್ದರಿಂದ ಇದೇ ದೊಡ್ಡ ಸಾಧನೆ ಎಂದುಕೊಂಡಿದ್ದಳು.

ಉಳಿದದ್ದನ್ನು ಕಲ್ಪನಳ ಅತ್ತೆ ಮುನಿನಾರಾಯಣಮ್ಮ ನೋಡಿಕೊಂಡಳು. ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ದನದ ಕೊಟ್ಟಿಗೆಗೆ ಹೋಗುವಂತಿಲ್ಲ, ಹಾಲು ಕರೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಂತ ನೀರಿನ ಹತ್ತಿರ ಸುಳಿಯುವಂತಿಲ್ಲ. ಕೆರೆಯಾಗಲಿ, ಬಾವಿಯಾಗಲಿ, ಹೊಲದ ಕೃಷಿ ಹೊಂಡವಾಗಲಿ, ನೀರಿದ್ದ ಕಡೆ ಗಂಗಮ್ಮ ಇರುತ್ತಾಳೆ, ಅವಳಿಗೆ ಮೈಲಿಗೆ ಆಗಬಾರದು. ಪೇಟೆಯ ಡೇರಿಗೆ ಹಾಲು ಹಾಕುವ ಮನೆ, ಮೊಬೈಲಿನಲ್ಲಿ ಟೊಮೆಟೊ ರೇಟು ನೋಡುವ ಮನೆ, ಕಲ್ಪನಳ ಗಂಡ ಸುಧಾಕರ್ ದಿನಾ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆಗೆ ಹೋಗಿಬರುವ ಮನೆ. ಆದರೂ ಈ ಕಟ್ಟಳೆ ಕದಲಿರಲಿಲ್ಲ. ಕಲ್ಪನಳಿಗೂ ಅದು ಅಂಥ ಭಾರ ಎನಿಸಿರಲಿಲ್ಲ. ಮೂರು ದಿನ ಹಾಲು ಕರೆಯುವುದು ತಪ್ಪಿದರೆ ಸೊಂಟಕ್ಕೂ ಒಂದಿಷ್ಟು ಬಿಡುವು.

ಆ ಕಟ್ಟಳೆಯ ಬೆಲೆ ಅವಳಿಗೆ ಗೊತ್ತಾದದ್ದು ಹೋದ ಬೇಸಿಗೆಯಲ್ಲಿ. ಟೊಮೆಟೊಗೆ ಔಷಧಿ ಹೊಡೆಯಲು ಹೊಂಡದಿಂದ ನೀರು ಮೊಗೆದು ತರಬೇಕಿತ್ತು. ದಿನಾ ತರುವವಳು ಕಲ್ಪನ. ಅವತ್ತು ಅವಳು ಮುಟ್ಟಾಗಿದ್ದಳು. ಹೊಂಡದ ಕಡೆ ಹೋಗುವಂತಿಲ್ಲ, ಆದ್ದರಿಂದ ಬಿಂದಿಗೆ ಹಿಡಿದು ಹೋದದ್ದು ಚಂದನ. ಕೃಷಿ ಹೊಂಡಕ್ಕೆ ಹಾಸಿದ ಕರಿ ಪ್ಲಾಸ್ಟಿಕ್ಕು ಒದ್ದೆಯಾದರೆ ಬೆಂಡೆಕಾಯಿ ಲೋಳೆಯಂತೆ ಜಾರುತ್ತದೆ. ಒಳಗೆ ಬಿದ್ದವರು ಹತ್ತಿಬರಲು ಹಿಡಿಯುವುದಕ್ಕೆ ಒಂದು ಗರಿಕೆಯೂ ಇರುವುದಿಲ್ಲ. ಸೀಮೆಹುಲ್ಲು ಕೊಯ್ಯುತ್ತಿದ್ದ ಕಲ್ಪನ ಮಗಳ ಕೂಗು ಕೇಳಿ ಓಡಿದಳು. ಓಡಿ ಏನು ಬಂತು? ದಡದಲ್ಲಿ ನಿಂತು ಕಿರುಚಿದಳು, ಅಷ್ಟೇ. ಅವಳಿಗೆ ಈಜು ಬರುತ್ತಿರಲಿಲ್ಲ. ಪಕ್ಕದ ಹೊಲದ ಸೊಣ್ಣಪ್ಪ ಪಂಪಿನ ಪೈಪು ಎಳೆದು ತಂದು ನೀರಿಗೆ ಬಿಟ್ಟ, ಹುಡುಗಿ ಅದನ್ನು ಹಿಡಿದು ಹೇಗೋ ದಡ ಸೇರಿದಳು. ಮಗಳು ಮುಳುಗಿ ಏಳುವುದನ್ನು ನೋಡುತ್ತ ನಿಂತ ಆ ಹೊತ್ತು ಕಲ್ಪನಳ ಎದೆಯಿಂದ ಇನ್ನೂ ಇಳಿದಿಲ್ಲ.

ಸುಧಾಕರ್ ಹೊಂಡಕ್ಕೆ ಮುಳ್ಳುತಂತಿ ಬೇಲಿ ಹಾಕಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ಗಂಡಸರು ಯಾವತ್ತೂ ಚುರುಕು. ಕಲ್ಪನಳಿಗೆ ಬೇಲಿಯ ಮೇಲೆ ನಂಬಿಕೆ ಬರಲಿಲ್ಲ. ಅದಕ್ಕೇ ಕೆ.ಜಿ.ಎಫ್. ರಸ್ತೆಯಲ್ಲಿರುವ ಚಂದನಳ ಪ್ರೈವೇಟ್ ಸ್ಕೂಲಿನಲ್ಲಿ ಈಜುಕೊಳ ಕಟ್ಟಿಸಿ, ಹೆಣ್ಣುಮಕ್ಕಳಿಗೆ ಬೇರೆಯಾಗಿ ಪ್ರತಿ ಸೋಮವಾರ ಕ್ಲಾಸು ಎಂದಾಗ ಮೊದಲು ಒಪ್ಪಿಗೆ ಕೊಟ್ಟವಳು ಅವಳೇ. ಮಗಳು ಈಜು ಕಲಿಯಬೇಕು. ದೇವರಲ್ಲಿ ಆಗ ಅವಳಿಗಿದ್ದದ್ದು ಇದೊಂದೇ ಬೇಡಿಕೆ.

ಚಂದನ ಬೇಗ ಕಲಿಯತೊಡಗಿದಳು. ನೀರಿನೊಳಗೆ ಮುಖ ಇಟ್ಟು ಗುಳ್ಳೆ ಬಿಡುವುದನ್ನು ಮನೆಯ ಬಕೆಟ್ಟಿನಲ್ಲಿ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದಳು. ಆಮೇಲೆ ಒಂದು ಸೋಮವಾರ ಬೆಳಿಗ್ಗೆಯೇ ಮುಟ್ಟಾದಳು. ಏನು ಮಾಡಲಿ ಎಂದು ತಾಯಿಯನ್ನು ಪಿಸುದನಿಯಲ್ಲಿ ಕೇಳಿದಳು. ಅಜ್ಜಿಗೆ ತಿಳಿದರೆ ನೀರಿಗೆ ಬಿಡುವುದಿಲ್ಲ. ಒಂದು ಕ್ಲಾಸು ತಪ್ಪಿದರೆ ಕಲಿತದ್ದೂ ಮರೆತುಹೋಗುತ್ತದೇನೋ ಎಂದು ಕಲ್ಪನಳಿಗೆ ದಿಗಿಲು. ಒಂದು ಗಳಿಗೆ ಯೋಚಿಸಿ, ಒಂದಕ್ಕೆ ಎರಡು ಪ್ಯಾಡು ಹಾಕಿಕೊಂಡು ಮೇಲೆ ಬಿಗಿಯಾದ ಚಡ್ಡಿ ಹಾಕಿಕೋ, ಏನೂ ಆಗುವುದಿಲ್ಲ ಎಂದಳು. ಪ್ರೀತಿಯಿಂದಲೇ ಹೇಳಿದಳು. ಬಚ್ಚಲಿನ ಚೊಂಬು ಬಿಟ್ಟರೆ ಬೇರೆ ನೀರಿನಲ್ಲಿ ಮೈ ನೆನೆಸದವಳು ಇನ್ನೇನು ಹೇಳಿಯಾಳು.

ನೀರಿಗೆ ಇಳಿದದ್ದೇ ತಡ, ಎರಡೂ ಪ್ಯಾಡು ಕುಡಿಯಬಲ್ಲಷ್ಟು ನೀರು ಕುಡಿದವು. ಊದಿದವು, ಜಾರಿದವು. ಒಂದು ಈಜುಡುಗೆಯಿಂದ ಹೊರಗೆ ಬಂದು ಎಲ್ಲ ಹುಡುಗಿಯರ ಕಣ್ಣೆದುರು ತೇಲಿತು. ಯಾರೋ ಒಬ್ಬಳು, ಬನ್ನು ತೇಲ್ತಾ ಐತೆ ನೋಡ್ರೇ ಎಂದಳು. ಸಾಯಂಕಾಲದ ಹೊತ್ತಿಗೆ ಸ್ಕೂಲ್ ಬಸ್ಸಿನಲ್ಲಿ ಚಂದನಳ ಹೆಸರೇ ಬನ್ನು ಎಂದಾಗಿತ್ತು.

ಮನೆಗೆ ಬಂದವಳು ಬ್ಯಾಗನ್ನು ಮೂಲೆಗೆಸೆದು ಗೋಡೆಗೆ ಮುಖ ಮಾಡಿ ಮಲಗಿದಳು. ಕಲ್ಪನ ತಲೆ ಸವರಲು ಹೋದರೆ ಕೈ ತಳ್ಳಿದಳು. ಆಮೇಲೆ ತಿರುಗಿ, ಅಳದೆ, ಒಂದೇ ಒಂದು ಮಾತು ಕೇಳಿದಳು.

"ನೀನು ಯಾವತ್ತಾನ ನೀರಿಗೆ ಇಳ್ದಿದ್ದೀಯೇನಮ್ಮಾ?"

ಮಗಳು ಬೈದಿದ್ದರೆ ಕಲ್ಪನ ತಡೆದುಕೊಳ್ಳುತ್ತಿದ್ದಳು. ಇದು ಬೈಗುಳವಲ್ಲ, ನಿಜ. ನಿಜ ಚುಚ್ಚಿದಷ್ಟು ಬೈಗುಳ ಚುಚ್ಚುವುದಿಲ್ಲ.

ವಿಷಯ ಅಜ್ಜಿಯ ಕಿವಿಗೂ ಬಿತ್ತು. ಅವಳು ಕೂಗಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಾನು ಮೊದ್ಲೇ ಹೇಳಿದ್ದೆ, ಗಂಗಮ್ಮ ಮುನಿಸ್ಕೊಂಡವ್ಳೆ, ಎಂದು ತಣ್ಣಗೆ ಹೇಳಿ ದೀಪ ಹಚ್ಚಲು ಹೋದಳು. ಅಲ್ಲಿಂದ ಮುಂದೆ ಸೋಮವಾರ ಬಂತೆಂದರೆ ಚಂದನಳಿಗೆ ಹೊಟ್ಟೆನೋವು, ಇಲ್ಲವೇ ತಲೆನೋವು. ಮುಟ್ಟಿಲ್ಲದ ಸೋಮವಾರವೂ ಅಷ್ಟೇ. ತಾಯಿಯೊಂದಿಗೆ ಮಾತು ಊಟ ತಿಂಡಿಗೆ ಮಾತ್ರ. ಕಲ್ಪನ ಹೊಲಕ್ಕೆ ಹೋದಾಗೆಲ್ಲ ಬೇಲಿಯಾಚೆಯ ಹೊಂಡ ನೋಡುವಳು, ಮುಳ್ಳುತಂತಿ ಬಿಗಿಯಾಗಿದೆಯೇ ಎಂದು ಎಳೆದು ನೋಡುವಳು.

ಕೊನೆಗೆ ಒಂದು ಭಾನುವಾರ ಶೇರ್ ಆಟೋ ಹತ್ತಿ ಕೆ.ಜಿ.ಎಫ್.ನ ಉರಿಗಾಂಗೆ ಹೋದಳು. ಈಜು ಕಲಿಸುವ ತ್ರಿವೇಣಿ ಮೇಡಂ ಇದ್ದದ್ದು ಅಲ್ಲಿ, ಗಣಿಯ ಕಾಲದ ಲೈನ್ ಮನೆಯೊಂದರಲ್ಲಿ. ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುವ ಗಟ್ಟಿಮುಟ್ಟಾದ ಹೆಂಗಸು. ಕಲ್ಪನ ನಾಚಿಕೊಂಡು, ನೆಲ ನೋಡಿಕೊಂಡು ತಾನು ಕೊಟ್ಟ ಸಲಹೆ ಹೇಳಿದಳು. ತ್ರಿವೇಣಿ ನಗಲಿಲ್ಲ. ಒಳಗಿನಿಂದ ಒಂದು ಪ್ಯಾಡು ತಂದು, ಸ್ನಾನದ ಮಗ್ಗಿಗೆ ಒಂದು ಲೋಟ ನೀರು ಹಾಕಿ ಅದರೊಳಗೆ ಬಿಟ್ಟಳು. ಇಬ್ಬರೂ ನೋಡುತ್ತಿದ್ದಂತೆ ಮಗ್ಗಿನ ನೀರು ತಳ ಕಂಡಿತು, ಪ್ಯಾಡು ಹಾಲಿನಲ್ಲಿ ನೆನೆದ ಬನ್ನಿನಂತೆಯೇ ಉಬ್ಬಿ ಕೂತಿತು.

"ಇದು ಇರೋದೇ ಹೀರೋದಕ್ಕೆ ಅಕ್ಕಾ," ಎಂದಳು ತ್ರಿವೇಣಿ. "ರಕ್ತ ಯಾವುದು, ನೀರು ಯಾವುದು ಅಂತ ಅದಕ್ಕೇನು ಗೊತ್ತು?"

ಆಮೇಲೆ ಕಾಫಿ ಕೊಟ್ಟು ಒಂದೊಂದಾಗಿ ತಿಳಿಸಿದಳು. ಮುಟ್ಟಾದಾಗ ನೀರಿಗೆ ಇಳಿಯುವುದರಿಂದ ಮೈಗೆ ಏನೂ ಕೆಡುಕಿಲ್ಲ. ಟ್ಯಾಂಪನ್, ಕಪ್ಪು ಎಂದು ಒಳಗೆ ಇಟ್ಟುಕೊಳ್ಳುವಂಥವೂ ಸಿಗುತ್ತವೆ, ದೊಡ್ಡವರು ಬಳಸುತ್ತಾರೆ, ಹುಡುಗಿಗೆ ಇಷ್ಟವಿಲ್ಲದೆ ಬಲವಂತ ಬೇಡ. ಈಜಿಗೆಂದೇ ಹೊಲಿದ ಮುಟ್ಟಿನ ಚಡ್ಡಿ ಬರುತ್ತದೆ, ಹೊರಗಿನ ನೀರನ್ನು ಕುಡಿಯದೆ ಒಳಗಿನದನ್ನು ತಡೆಯುತ್ತದೆ. ಅದನ್ನು ಈಜುಡುಗೆಯೊಳಗೆ ಹಾಕಿಕೊಂಡು, ನೀರಿನಿಂದ ಬಂದ ಕೂಡಲೇ ಬದಲಿಸಿ ಎಂದಿನ ಪ್ಯಾಡು ಹಾಕಿಕೊಂಡರಾಯಿತು. ಸ್ರಾವ ಜಾಸ್ತಿಯಿದ್ದ ದಿನ, ಇಲ್ಲವೇ ಮನಸ್ಸಿಲ್ಲದ ದಿನ, ಸುಮ್ಮನೆ ದಡದಲ್ಲಿ ಕೂರಲಿ. ಯಾಕೆ ಎಂದು ತಾನು ಯಾರನ್ನೂ ಕೇಳುವುದಿಲ್ಲ, ಒಂದು ವಾರ ತಪ್ಪಿದರೆ ಕಲಿತ ಈಜು ಎಲ್ಲೂ ಓಡಿಹೋಗುವುದಿಲ್ಲ. ಬನ್ನು ಎಂದ ಹುಡುಗಿಯರನ್ನು ನಿಲ್ಲಿಸಿ, ನಾಳೆ ನಿಮಗೂ ಬರುವುದೇ ಇದು ಎಂದು ಬುದ್ಧಿ ಹೇಳಿದ್ದಾಳಂತೆ.

ತ್ರಿವೇಣಿಯೇ ಫೋನಿನಲ್ಲಿ ಆರ್ಡರ್ ಹಾಕಿಕೊಟ್ಟಳು. ಚಂದನಳ ಅಳತೆಯದು ಒಂದು ಆದ ಮೇಲೆ, ಕಲ್ಪನ ಸಂಕೋಚದಿಂದ ತನ್ನ ಅಳತೆಯದೂ ಒಂದು ಬೇಕೆಂದಳು. ನೀವೂ ಕ್ಲಾಸಿಗೆ ಸೇರುತ್ತೀರಾ ಅಕ್ಕಾ ಎಂದು ತ್ರಿವೇಣಿ ತಮಾಷೆ ಮಾಡಿದಳು. ಕಲ್ಪನ, ಸುಮ್ಮನೆ ಇರಲಿ ಎಂದಷ್ಟೇ ಹೇಳಿದಳು.

ಪಾರ್ಸೆಲ್ಲು ಬಂತು. ಚಂದನ ಅದನ್ನು ಬಿಚ್ಚಿಯೂ ನೋಡಲಿಲ್ಲ. ನಿನ್ನ ಮಾತು ಕೇಳಿ ಒಂದು ಸಲ ಆಯಿತಲ್ಲ ಎಂದು ಮಂಚದ ಕೆಳಗೆ ತಳ್ಳಿದಳು. ಮಗಳದು ತಪ್ಪೆಂದು ಹೇಳುವ ಮುಖ ಕಲ್ಪನಳಿಗಿರಲಿಲ್ಲ. ಬಾಯಿಮಾತಿನ ಕಾಲ ಮುಗಿದಿತ್ತು. ಅವಳು ತನ್ನ ಮುಟ್ಟಿನ ದಿನಕ್ಕಾಗಿ ಕಾದಳು.

ಆ ದಿನ ಬಂದದ್ದು ಒಂದು ಶುಕ್ರವಾರ. ಬೆಳಿಗ್ಗೆ ಮುನಿನಾರಾಯಣಮ್ಮನೇ ಹಾಲು ಕರೆದಳು, ಕಲ್ಪನ ಕಟ್ಟಳೆಯಂತೆ ದೂರ ಉಳಿದಳು. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಹಿತ್ತಿಲಿಗೆ ಹೋದಳು. ಅಲ್ಲಿ ದನ ನೀರು ಕುಡಿಯುವ ಸಿಮೆಂಟಿನ ತೊಟ್ಟಿ ಇತ್ತು, ಕೂತರೆ ಕುತ್ತಿಗೆವರೆಗೆ ನೀರು ಬರುವಷ್ಟು ಆಳ. ಬೆಳಿಗ್ಗೆಯಷ್ಟೇ ಬೋರ್‌ವೆಲ್ಲಿನ ಹೊಸ ನೀರು ತುಂಬಿತ್ತು. ಅವಳು ಹೊಸ ಚಡ್ಡಿ ಹಾಕಿಕೊಂಡು, ಮೇಲೆ ಹಳೆಯ ನೈಟಿ ತೊಟ್ಟು, ತೊಟ್ಟಿಯ ಅಂಚು ಹಿಡಿದು ಒಂದು ಕಾಲು ಒಳಗಿಟ್ಟಳು. ಹೊಂಡದ ಕರಿ ನೀರು ಕಣ್ಣ ಮುಂದೆ ಬಂತು. ಎರಡನೆಯ ಕಾಲನ್ನೂ ಇಟ್ಟು ಮೆಲ್ಲಗೆ ಕೂತಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಎಷ್ಟೋ ಹೊತ್ತು ಕೂತೇ ಇದ್ದಳು. ಎದ್ದಳು, ಕಾಲು ಬಡಿದಳು, ಸೊಂಟ ಆಡಿಸಿದಳು, ಮತ್ತೆ ಕೂತಳು. ಈ ಚಡ್ಡಿ ಏನೇನು ತಡೆಯುತ್ತದೆ, ಏನೇನು ತಡೆಯುವುದಿಲ್ಲ ಎಂದು ಈ ಸಲ ಅವಳು ಕಂಡು ಹೇಳಬೇಕಾಗಿತ್ತು. ನೀರು ತಿಳಿಯಾಗಿಯೇ ಇತ್ತು, ಬಗ್ಗಿ ನೋಡಿದರೆ ಕಾಲುಂಗುರ ಕಾಣುತ್ತಿತ್ತು.

ಸದ್ದು ಕೇಳಿ ಮುನಿನಾರಾಯಣಮ್ಮ ಹೊರಗೆ ಬಂದಳು. ಮುಟ್ಟಾದ ಸೊಸೆ ದನದ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಕೂತಿರುವುದನ್ನು ಕಂಡು ದಾಪುಗಾಲು ಹಾಕಿ ತೊಟ್ಟಿಯ ಹತ್ತಿರ ಬಂದಳು.

"ಏನೇ ಇದು? ಬುದ್ಧಿ ನೆಟ್ಟಗೈತಾ ನಿಂಗೆ? ಗಂಗಮ್ಮನ್ನ ಮೈಲಿಗೆ ಮಾಡ್ಬುಟ್ಟಲ್ಲೇ."

ಕಲ್ಪನ ಏಳಲಿಲ್ಲ. ಮದುವೆಯಾದಾಗಿನಿಂದ ಅತ್ತೆಗೆ ಎದುರು ಆಡಿದವಳಲ್ಲ ಅವಳು, ಈಗಲೂ ದನಿ ಏರಿಸಲಿಲ್ಲ.

"ಅತ್ತಮ್ಮ, ಅವತ್ತು ಗಂಗಮ್ಮಂಗೆ ಮೈಲಿಗೆ ಆಗ್ಬಾರ್ದು ಅಂತ ನಾನು ದೂರ ನಿಂತ್ಕಂಡೆ. ನನ್ನ ಬದ್ಲು ಬಿಂದಿಗೆ ಹಿಡ್ಕೊಂಡು ಓಗಿದ್ದು ನಮ್ಮ ಮಗು. ಅದು ಮುಳುಗೋದನ್ನ ನಿಂತು ನೋಡ್ದೆ. ಇನ್ನ ನಿಂತು ನೋಡಾಕೆ ನನ್ನ ಕೈಲಿ ಆಗಾಕಿಲ್ಲ."

ಅವತ್ತು ಬಿಂದಿಗೆ ಎತ್ತಿ ಮೊಮ್ಮಗಳ ಕೈಗೆ ಕೊಟ್ಟವಳು ಮುನಿನಾರಾಯಣಮ್ಮನೇ. ಅದನ್ನು ಸೊಸೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುದುಕಿ ತೊಟ್ಟಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

ಅದೇ ಹೊತ್ತಿಗೆ ಸ್ಕೂಲ್ ಬಸ್ಸು ನಿಂತ ಸದ್ದಾಯಿತು. ಮನೆಯೊಳಗೆ ಯಾರೂ ಕಾಣದೆ ಚಂದನ ಹಿತ್ತಿಲಿಗೆ ಬಂದಳು. ತಾಯಿ ತೊಟ್ಟಿಯಲ್ಲಿ, ಅಜ್ಜಿ ಕಲ್ಲಿನ ಮೇಲೆ, ದನಗಳು ಬಾಯಾರಿ ಅತ್ತ ಕಡೆಯೇ ನೋಡುತ್ತ ನಿಂತಿವೆ. ಹುಡುಗಿ ಏನೂ ಅರ್ಥವಾಗದೆ ಬ್ಯಾಗು ಹೊತ್ತೇ ನಿಂತಳು. ಆಮೇಲೆ ಇವತ್ತು ಬೆಳಿಗ್ಗೆ ಹಾಲು ಕರೆದದ್ದು ಅಜ್ಜಿ ಎಂದು ನೆನಪಾಯಿತು. ಎಲ್ಲ ತಿಳಿಯಿತು.

"ನೀರು ನೋಡು ಚಂದನ," ಎಂದಳು ಕಲ್ಪನ. ಅವಳ ತುಟಿ ಚಳಿಗೆ ನೀಲಿಯಾಗಿತ್ತು. "ಬೋ ಹೊತ್ತಾಯ್ತು ಕೂತು. ಏನೂ ಆಗ್ಲಿಲ್ಲ."

ಚಂದನ ಬಗ್ಗಿ ತೊಟ್ಟಿಯ ತಳದವರೆಗೂ ನೋಡಿದಳು. ತಾಯಿಯ ಮುಖವನ್ನೂ ನೋಡಿದಳು. ಭಯವಾಗಲಿಲ್ಲವಾ ಎಂದು ಕೇಳಿದಳು. ಆಯಿತು, ಈಗಲೂ ಆಗುತ್ತಿದೆ ಎಂದಳು ಕಲ್ಪನ. ಹುಡುಗಿಯ ಮುಖ ಬಹಳ ದಿನದ ಮೇಲೆ ಸಡಿಲವಾಯಿತು. ಮಂಚದ ಕೆಳಗೆ ಇರುವುದು ಇಂಥದ್ದೇನಾ ಎಂದು ವಿಚಾರಿಸಿಕೊಂಡಳು. ಹೌದು ಎಂದಾಗ, ಸೋಮವಾರಕ್ಕೆ ಈಜುಡುಗೆ ಒಗೆದು ಇಡಬೇಕಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಬ್ಯಾಗು ಇಳಿಸಿ ಯೂನಿಫಾರಮ್ಮಿನಲ್ಲೇ ತೊಟ್ಟಿಯ ಅಂಚಿಗೆ ಕಾಲೆತ್ತಿದಳು.

ಕಲ್ಲಿನ ಮೇಲೆ ಕೂತಿದ್ದ ಮುನಿನಾರಾಯಣಮ್ಮ ಆಗ ಕೈ ಎತ್ತಿ ತಡೆದಳು. ಬೇಡ ಎನ್ನುತ್ತಾಳೆ ಎಂದುಕೊಂಡು ತಾಯಿ ಮಗಳು ಇಬ್ಬರೂ ಅವಳತ್ತ ತಿರುಗಿದರು.

"ಅಂಗೇ ಇಳೀಬ್ಯಾಡ," ಎಂದಳು ಮುದುಕಿ. "ನಿಮ್ಮಮ್ಮನೂ ಅಂಗೇ ಇಳ್ದವ್ಳೆ. ಮೊದ್ಲು ಗಂಗಮ್ಮಂಗೆ ಕೈ ಮುಗ್ದು ಇಳಿ. ಆಮೇಲೆ ಅವ್ಳೇ ನೋಡ್ಕಂತಾಳೆ."

ಚಂದನ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದಳು. ಕಲ್ಪನಳೂ ಕೂತಲ್ಲೇ ಕೈ ಮುಗಿದು, ಕಾಲು ಮಡಚಿ ಮಗಳಿಗೆ ಜಾಗ ಮಾಡಿಕೊಟ್ಟಳು. ಅಜ್ಜಿ ದನಗಳಿಗೆ ಬಕೆಟ್ಟಿನಲ್ಲಿ ಬೇರೆ ನೀರು ಹಿಡಿಯಲು ಗೊಣಗುತ್ತ ಎದ್ದಳು.

"ಮೂಗು ಮುಚ್ಕೋಬಾರ್ದಮ್ಮಾ," ಎಂದು ಚಂದನ ತಾಯಿಯ ಎರಡೂ ಕೈ ಹಿಡಿದುಕೊಂಡಳು. "ಮುಖ ಒಳಗಿಟ್ಟು ಬಾಯಾಗೆ ಗಾಳಿ ಬಿಡು. ನಾನು ಹಿಡ್ಕೊಂಡಿದೀನಿ."

ಕಲ್ಪನ ಕಣ್ಣು ಮುಚ್ಚಿ, ಜೀವನದಲ್ಲಿ ಮೊದಲ ಸಲ, ನೀರಿನೊಳಗೆ ಮುಖ ಇಟ್ಟಳು.