ಹಳೇ ಡಬ್ಬಿಯ ಗುಂಡು

ಈಗಿನ ಪಾಯಿಂಟ್ ಟೂಟೂ ಗುಂಡುಗಳ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರೈಫಲ್ಲಿನ ಪಿನ್ನು ಗುಂಡಿನ ಹಿಂಬದಿಯ ಅಂಚಿಗೆ ಬಡಿಯಬೇಕು, ಅಂಚಿನೊಳಗಿನ ಮದ್ದು ಹೊತ್ತಿಕೊಳ್ಳಬೇಕು. ಇಷ್ಟು ಸಣ್ಣ ಕೆಲಸವೂ ಇಂದಿನ ಕಾರ್ಖಾನೆಯವರಿಗೆ ಬಾರದು ಎಂದು ಬೈಲಹೊಂಗಲದ ನಮ್ಮ ರೈಫಲ್ ಕ್ಲಬ್ಬಿನೆದುರಿನ ಚಹಾದಂಗಡಿಯಲ್ಲಿ ಕಂಡಕಂಡವರ ಮುಂದೆ ಕೂಗಾಡುತ್ತಿದ್ದೆ. ಇಪ್ಪತ್ತೆರಡು ವರ್ಷ ಪಲ್ಟನ್ನಿನಲ್ಲಿದ್ದು ಬಂದ ಸುರೇಬಾನದ ಹವಾಲ್ದಾರ ಶಟ್ಟೆಪ್ಪ ನಾನು. ನನಗೆ ಎದುರು ಮಾತಾಡುವವರು ಯಾರು?

ಹಾಗಾಗಿ ಕ್ಲಬ್ಬಿನ ಕಪಾಟಿನಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ಗುಂಡಿನ ಡಬ್ಬಿಗಳು ಸಿಕ್ಕಾಗ ಸೆಕ್ರೆಟರಿ ಬಾಳೇಶನಿಗೆ ಗಂಟು ಬಿದ್ದು ಅವನ್ನು ಐಶ್ವರ್ಯಾಳಿಗೇ ಮೀಸಲು ಮಾಡಿಸಿದೆ. ಉಗರಗೋಳದ ಈ ಹುಡುಗಿ ನನ್ನ ಶಿಷ್ಯರಲ್ಲೆಲ್ಲ ಚುರುಕು. ಬೆಳಿಗ್ಗೆ ತಾಯಿಯ ತೆಂಗಿನಕಾಯಿ ಅಂಗಡಿ ತೆರೆದಿಟ್ಟು ಬಸ್ಸು ಹತ್ತಿ ಬರುವವಳು. ಉಳಿದವರು ಹೊಸ ಗುಂಡಿನಲ್ಲಿ ಹೊಡೆದುಕೊಳ್ಳಲಿ, ಅವಳಿಗೆ ಅಸಲಿ ಮಾಲು ಇರಲಿ ಎಂದುಕೊಂಡೆ.

ಮೂರು ತಿಂಗಳು ಅವಳ ಗುಂಡುಗಳು ಚದುರಿ ಬಿದ್ದವು. ಒಂದು ನಟ್ಟನಡುವೆ, ಮುಂದಿನದು ಮೇಲೆ, ಇನ್ನೊಂದು ಎಲ್ಲೋ ಕೆಳಗೆ.

"ಒಂದೊಂದ ಗುಂಡು ಒಂದೊಂದ ನಮೂನಿ ಸಪ್ಪಳ ಮಾಡತಾವ್ರಿ ಸರ್," ಎಂದಳು ಒಮ್ಮೆ.

"ಗುಂಡಿಗೇನೂ ಆಗಿಲ್ಲ. ನಿನ್ನ ಕೈ ನಡಗತೈತಿ," ಎಂದು ಎಲ್ಲರೆದುರು ಬೈದೆ. ದಿನಾ ಬೈದೆ.

ಹೋದ ಭಾನುವಾರ ರಾಜ್ಯಮಟ್ಟದ ಜೂನಿಯರ್ ಪಂದ್ಯಕ್ಕೆ ಆಯ್ಕೆ ಇತ್ತು. ಇದ್ದದ್ದು ಒಂದೇ ಜಾಗ, ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ಒಬ್ಬೊಬ್ಬರಿಗೆ ಇಪ್ಪತ್ತು ಗುಂಡು. ಕಿತ್ತೂರಿನ ಸ್ನೇಹಲ್ ಹೊಸ ಗುಂಡುಗಳಲ್ಲಿ ಇನ್ನೂರಕ್ಕೆ ನೂರ ಎಂಬತ್ತೊಂದು ಅಂಕ ಮಾಡಿ ಎದ್ದಳು. ಐಶ್ವರ್ಯಾಳ ಮೊದಲ ಆರು ಗುಂಡುಗಳು ಹಾಳೆಯ ತುಂಬ ಚೆಲ್ಲಾಪಿಲ್ಲಿಯಾದವು. ನನ್ನ ಸಿಟ್ಟು ನೆತ್ತಿಗೇರಿತು.

ಏಳನೆಯದು ಬರೀ ಟಕ್ ಎಂದಿತು. ಗುಂಡು ಹಾರಲಿಲ್ಲ.

ಕೈ ನಡುಗಿಸುವವರ ಬಣ್ಣ ಬಯಲಾಗುವುದು ಇಂಥ ಹೊತ್ತಿನಲ್ಲೇ. ಗುಂಡು ಹಾರಿದರೆ ರೈಫಲ್ಲು ಹೇಗೂ ಅಲುಗುತ್ತದೆ, ತಪ್ಪು ಯಾರದೆಂದು ತಿಳಿಯುವುದಿಲ್ಲ. ಹಾರದಿದ್ದಾಗ ಅಂಜಿದವರ ನಳಿಗೆ ತಾನಾಗಿ ತಗ್ಗುತ್ತದೆ. ನಾನು ಅವಳ ನಳಿಗೆಯನ್ನೇ ದಿಟ್ಟಿಸುತ್ತಿದ್ದೆ. ಅದು ಕೂದಲೆಳೆಯಷ್ಟೂ ಮಿಸುಕಲಿಲ್ಲ. ನಿಯಮದಂತೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದಳು, ಆಗಲೂ ಮಿಸುಕಲಿಲ್ಲ. ಹೊರತೆಗೆದ ಗುಂಡನ್ನು ನೋಡಿದೆ. ಅಂಚಿನ ಮೇಲೆ ಪಿನ್ನಿನ ಪೆಟ್ಟು ಆಳವಾಗಿ, ಬೀಳಬೇಕಾದಲ್ಲೇ ಬಿದ್ದಿತ್ತು. ಒಳಗಿನ ಮದ್ದೇ ಸತ್ತಿತ್ತು. ನಾನು ಹಾಡಿ ಹೊಗಳಿದ ಮಾಲು! ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಬಾಳೇಶ ಬಂದ. "ಹವಾಲ್ದಾರ್ರ, ಗುಂಡು ಕೆಟ್ಟಾವ ಅಂತ ನೀವು ಬರದು ಕೊಟ್ರ ಪೂರಾ ಇಪ್ಪತ್ತೂ ಹೊಸಾದ್ರಾಗ ಹೊಡೀಲಿ. ಇಲ್ಲಂದ್ರ ಇದ ಗುಂಡಿನಾಗ ಆಟ ಮುಂದುವರಸಬೇಕ್ರಿ."

ಸುತ್ತ ನಿಂತವರೆಲ್ಲ ನನ್ನ ಭಾಷಣ ಕೇಳಿ ಕೇಳಿ ಬೇಸತ್ತವರೇ. ಒಬ್ಬಿಬ್ಬರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಪೆನ್ನು ಇಸಿದುಕೊಂಡು ಬರೆದೆ: ಗುಂಡುಗಳು ಹಳೆಯವು, ಕೆಟ್ಟಿವೆ, ಆರಿಸಿ ಕೊಟ್ಟವನು ನಾನು.

ಹೊಸ ಗುಂಡುಗಳಲ್ಲಿ ಐಶ್ವರ್ಯಾ ನೂರ ತೊಂಬತ್ತಮೂರು ಮಾಡಿದಳು. ಇಪ್ಪತ್ತೂ ತೂತುಗಳು ಒಂದು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಟ್ಟಿಗಿದ್ದವು. ಜಾಗ ಅವಳದಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಿರಿಯುತ್ತ "ಶಾಬಾಸ್" ಎಂದು ಹತ್ತಿರ ಹೋದೆ. ಅವಳು ನಗಲಿಲ್ಲ.

"ಮೂರ ತಿಂಗಳಾತ್ರಿ ಸರ್," ಎಂದಳು. ಅವಳು ಅಷ್ಟು ಬಿರುಸಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ದಿನಾ ಉಣ್ಣಾಕ ಕುಂತಾಗ ಮೊದಲ ಕೈ ಚಾಚಿ ನೋಡ್ಕೋತಿದ್ನಿ, ನಡಗತೈತೇನು ಅಂತ. ನಮ್ಮವ್ವ ಅಂಗಡಿ ಬಂದ್ ಮಾಡಿ ನನ್ನ ದವಾಖಾನಿಗೆ ಕರಕೊಂಡು ಹೋಗಿದ್ಲ್ರಿ."