ದಾರಿಯಲ್ಲಿ ನಿಂತ ಹುಕುಂ

ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯ ಒಂದು ಬೇಳೆ ಅಂಗಡಿಯ ಮಹಡಿಯಲ್ಲಿದ್ದ ಕಂಪ್ಯೂಟರಿಗೆ ನಿದ್ದೆಯ ಚಟ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಸಾಕು, ಪರದೆ ಕಪ್ಪಾಗಿಸಿಕೊಂಡು ಮಲಗಿಬಿಡುತ್ತಿತ್ತು. ಕರೆಂಟು ಉಳಿಯಲೆಂದು ಅಂಗಡಿಯ ಮಾಲೀಕ ವಿವೇಕಾನಂದ ಸಾಹುಕಾರರೇ ಹಾಗೆ ಮಾಡಿಸಿದ್ದರು. ಮಲಗಿದರೆ ಮಲಗಲಿ, ಅದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಎದ್ದಾಗ ಸುಳ್ಳು ಹೇಳುತ್ತಿತ್ತಲ್ಲ, ತೊಂದರೆ ಇದ್ದದ್ದು ಅಲ್ಲಿ. ಕಮಲಾಪುರದಲ್ಲಿದ್ದ ಸಾಹುಕಾರರ ದಾಲ್ ಮಿಲ್ಲಿಗೂ ಅದಕ್ಕೂ ಇದ್ದ ಸಂಪರ್ಕ ನಿದ್ದೆಯಲ್ಲೇ ಹರಿದುಹೋಗಿದ್ದರೂ ಪರದೆಯ ಮೂಲೆಯ ಹಸಿರು ಚುಕ್ಕೆ ಹಾಗೇ ಉರಿಯುತ್ತಿತ್ತು. ಎಲ್ಲ ಸರಿಯಿದೆ ಎಂಬ ಮುಖ ಮಾಡಿಕೊಂಡು ಕೂತಿರುತ್ತಿತ್ತು.

ಅದರ ಮುಂದೆ ಕೂರುವವಳು ಮಲ್ಲಿಕಾ. ಕಲಬುರಗಿಯ ಬ್ರಹ್ಮಪುರ ಬಡಾವಣೆಗೆ ಮದುವೆಯಾಗಿ ಬಂದವಳು, ತವರು ಕಮಲಾಪುರ. ಅವಳ ಅಪ್ಪ ಮರೆಪ್ಪ ಅದೇ ಮಿಲ್ಲಿನ ಮಿಸ್ತ್ರಿ. ಮೊದಲು ಯಂತ್ರ ಶುರು ಮಾಡುವುದು, ನಿಲ್ಲಿಸುವುದು ಎಲ್ಲ ಅವನ ಕೈಯಲ್ಲೇ ಇತ್ತು. ಸಾಹುಕಾರರಿಗೆ ಎಲ್ಲವೂ ತಮ್ಮ ಕಣ್ಣಳತೆಯಲ್ಲಿರಬೇಕು ಅನ್ನಿಸಿ ಮಿಲ್ಲಿನ ಗೋಡೆಗೆ ಒಂದು ಪೆಟ್ಟಿಗೆ ಹಚ್ಚಿಸಿದರು. ಅಂದಿನಿಂದ ಮಲ್ಲಿಕಾ ಇಲ್ಲಿ ಕೂತು ಒತ್ತಿದರೆ ಅಲ್ಲಿ ತೊಗರಿಯ ಸಿಪ್ಪೆ ಸುಲಿಯುವ ರೋಲರುಗಳು ತಿರುಗುತ್ತಿದ್ದವು.

ಬೇರೆ ಯಾವ ಮಿಸ್ತ್ರಿಯಾದರೂ ಮುಖ ಊದಿಸಿಕೊಳ್ಳುತ್ತಿದ್ದ. ಮರೆಪ್ಪ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗಿದ. “ನನ್ ಮಗಳು ಕಲಬುರಗ್ಯಾಗ ಕುಂತು ಇಲ್ಲಿ ಗಿರಣಿ ತಿರಗಸ್ತಾಳ” ಎನ್ನುವಾಗ ಅವನ ಎದೆ ಅಂಗಿಯ ಗುಂಡಿಗಳಿಗೆ ತ್ರಾಸು ಕೊಡುತ್ತಿತ್ತು. ಯಂತ್ರದ ಗದ್ದಲದಲ್ಲಿ ಫೋನಿನ ಮಾತು ಕೇಳುವುದಿಲ್ಲವೆಂದು ಅಪ್ಪ ಮಗಳು ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಂದು ಮಿಸ್ಡ್ ಕಾಲ್ ಬಂದರೆ ನಿಲ್ಲಿಸು, ಎರಡು ಬಂದರೆ ಶುರು ಮಾಡು.

ಮಗಳ ಮೇಲಿನ ಹೆಮ್ಮೆಯಲ್ಲಿ ಮರೆಪ್ಪ ತನ್ನ ಹಳೆಯ ರೂಢಿಯೊಂದನ್ನು ಬಿಟ್ಟಿದ್ದ. ಹಿಂದೆಲ್ಲ ಯಂತ್ರದೊಳಗೆ ಕೈ ಹಾಕುವ ಮೊದಲು ಕರೆಂಟು ಬಾರದಂತೆ ಮೂರು ಬಿಳಿ ಫ್ಯೂಜುಗಳನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಅವನು ನಡೆದರೆ ಅವು ಕಟಕಟ ಅನ್ನುತ್ತಿದ್ದವು. ಆ ಸದ್ದು ಕೇಳಿದರೆ ಅಪ್ಪ ಬಂದ ಎಂದು ಮಲ್ಲಿಕಾಳಿಗೆ ಚಿಕ್ಕಂದಿನಿಂದ ಗೊತ್ತು. ಈಗ ಯಾಕೆ ಕೀಳುವುದಿಲ್ಲವೆಂದು ಯಾರಾದರೂ ಕೇಳಿದರೆ, “ಬಟನ್ ಮಗಳ ಕೈಯಾಗ ಅದ, ಇನ್ನ ಫ್ಯೂಜ್ ಯಾಕ ಕೀಳ್ಬೇಕು?” ಅನ್ನುತ್ತಿದ್ದ. ಮಲ್ಲಿಕಾ ಅದನ್ನು ಕೇಳಿ ನಕ್ಕಿದ್ದಳು, ಒಳಗೊಳಗೆ ಬೀಗಿಯೂ ಇದ್ದಳು.

ಇನ್ನೊಂದು ಕೆಲಸವನ್ನು ಅವಳೇ ಕೈಯಾರೆ ಮಾಡಿಸಿದ್ದಳು. ಕಂಪ್ಯೂಟರ್ ಮಲಗಿ ಎದ್ದಾಗ ಅವಳು ಒತ್ತಿದ ಹುಕುಂ ಒಮ್ಮೆ ಎಲ್ಲೋ ಕಳೆದುಹೋಗಿ, ಮಿಲ್ಲು ಮಧ್ಯಾಹ್ನವೆಲ್ಲ ಸುಮ್ಮನೆ ನಿಂತು, ಸಾಹುಕಾರರು ರೇಗಾಡಿದ್ದರು. ಪ್ರೋಗ್ರಾಂ ಹಾಕಿಕೊಟ್ಟವನು ಬಂದಾಗ ಮಲ್ಲಿಕಾ, “ಒಮ್ಮೆ ಒತ್ತಿದ್ದು ಕಳೀಬಾರದ್ರೀ. ಲೈನ್ ಹೋಗಿದ್ರ, ಕಂಪ್ಯೂಟರ್ ಆರಿದ್ರೂ ಹಿಡ್ಕೊಂಡಿರಬೇಕು, ಬಂದ ಕೂಡ್ಲೇ ಮುಟ್ಟಸಬೇಕು” ಎಂದಿದ್ದಳು. ಅವನು ಅಕ್ಷರಶಃ ಹಾಗೇ ಮಾಡಿಕೊಟ್ಟು ಹೋದ.

ಅವತ್ತು ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. ಕಂಪ್ಯೂಟರ್ ಮಲಗಿತ್ತು. ಫೋನು ಬಡಿದು ನಿಂತಿತು, ಮತ್ತೆ ಬಡಿದು ನಿಂತಿತು. ಎರಡು, ಅಂದರೆ ಶುರು. ಎಂಜಲಾಗದ ಕೈಯಿಂದ ಮೌಸ್ ಅಲುಗಿಸಿದಳು. ಪರದೆ ಎದ್ದಿತು, ಹಸಿರು ಚುಕ್ಕೆಯೂ ಇತ್ತು. ‘ಶುರು’ ಒತ್ತಿದಳು. ಮಿಲ್ಲು ತಿರುಗಿದರೆ ಪರದೆಯ ಮೇಲಿನ ಅಂಕಿಗಳು ಏರಬೇಕು. ಅವು ಸೊನ್ನೆಯಲ್ಲೇ ಕೂತಿದ್ದವು. ಬೇಸರದಿಂದ ನಾಲ್ಕೈದು ಸಲ ಒತ್ತಿದಳು. ಆಗ ಚುಕ್ಕೆ ಹಳದಿಯಾಗಿ ‘ಮತ್ತೆ ಜೋಡಿಸಲಾಗುತ್ತಿದೆ’ ಎಂಬ ಸಾಲು ಬಂತು.

ಲೈನ್ ಹೋಗಿದೆ ಎಂದು ಹೇಳಲು ಅಪ್ಪನಿಗೆ ಫೋನ್ ಮಾಡಿದಳು. ಕೊನೆಯವರೆಗೂ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಆಗ ಅವಳಿಗೆ ಹೊಳೆಯಿತು. ಅಪ್ಪ ಫೋನು ಎತ್ತದೆ ಇರುವುದು ಒಂದೇ ಹೊತ್ತಿನಲ್ಲಿ. ಹಿಂದೊಮ್ಮೆ ಫೋನು ಜಾರಿ ರೋಲರಿಗೆ ಬಿದ್ದು ಬೇಳೆಯ ಜೊತೆ ಪುಡಿಯಾಗಿ ಬಂದಿತ್ತು. ಅಂದಿನಿಂದ ಯಂತ್ರಕ್ಕೆ ಇಳಿಯುವ ಮೊದಲು ಫೋನನ್ನೂ ತಂಬಾಕಿನ ಚೀಲವನ್ನೂ ಕಿಟಕಿಯಲ್ಲಿ ಇಟ್ಟು ಹೋಗುತ್ತಾನೆ. ಎರಡು ಸಲ ಮಿಸ್ಡ್ ಕಾಲ್ ಕೊಟ್ಟರೂ ಯಂತ್ರ ತಿರುಗಲಿಲ್ಲ. ಹೋದ ವಾರದ ಹಾಗೆ ತೊಗರಿ ಕಟ್ಟಿಕೊಂಡಿದೆ ಎಂದುಕೊಂಡಿರುತ್ತಾನೆ. ಮುಚ್ಚಳ ತೆಗೆದು ರೋಲರುಗಳ ನಡುವೆ ಭುಜದವರೆಗೆ ಕೈ ಹಾಕಿರುತ್ತಾನೆ. ಫ್ಯೂಜು ಕಿತ್ತಿರುವುದಿಲ್ಲ. ಮಗಳು ಇದ್ದಾಳಲ್ಲ.

ಅವಳು ಒತ್ತಿದ ಹುಕುಂ ಕಳೆದುಹೋಗಿರಲಿಲ್ಲ. ದಾರಿಯಲ್ಲಿ ನಿಂತಿತ್ತು. ಲೈನ್ ಬಂದ ಕೂಡಲೇ ಹೋಗಿ ಮುಟ್ಟುತ್ತದೆ. ಕಮಲಾಪುರಕ್ಕೆ ಬಸ್ಸಿನಲ್ಲಿ ಹೋದರೆ ಒಂದು ತಾಸು, ಹುಕುಂಗೆ ರೆಪ್ಪೆ ಬಡಿಯುವಷ್ಟು ಹೊತ್ತು ಸಾಕು. ‘ನಿಲ್ಲಿಸು’ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಮೊದಲು ಕೊಟ್ಟದ್ದು ಮೊದಲು ಹೋಗುತ್ತದೆ. ‘ಶುರು’ ಮುಟ್ಟಿದ ಮೇಲೆ ‘ನಿಲ್ಲಿಸು’ ಬಂದು ಮಾಡುವುದೇನು?

ಇಷ್ಟು ದಿನ ಈ ಲೈನು ಹೋಗದಿರಲಿ ಎಂದು ದೇವರಿಗೆ ಕೈಮುಗಿದಿದ್ದ ಹುಡುಗಿ ಮೇಜಿನ ಕೆಳಗೆ ನುಗ್ಗಿದಳು. ಧೂಳು ಮೆತ್ತಿದ ವೈರುಗಳಲ್ಲಿ ಯಾವುದು ಯಾವುದಕ್ಕೆ ಎಂದು ಗೊತ್ತಾಗದೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತಳು. ಫ್ಯಾನು ನಿಂತಿತು, ಪರದೆ ಆರಿತು. ಕಿತ್ತ ಮೇಲೆ ಇನ್ನೊಂದು ಭಯ ಹುಟ್ಟಿತು. ಕೀಳುವ ಮೊದಲೇ ಒಂದು ಹುಕುಂ ದಾಟಿ ಹೋಗಿದ್ದರೆ? ಅದನ್ನು ಹೇಳಬೇಕಾದ ಪರದೆ ಈಗ ಕಪ್ಪಗಿತ್ತು.

ಕೆಳಗಿನಿಂದ ಸಾಹುಕಾರರು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. “ಏನವ್ವಾ ಇದು? ಬ್ಯಾಳಿಗಾಗಿ ಕೆಳಗ ಲಾರಿ ನಿಂತದ, ನೀ ಇಲ್ಲಿ ವೈರ್ ಕೀಳ್ಲಾಕತ್ತೀದಿ?”

“ನಮ್ಮಪ್ಪ ರೋಲರ್‌ದಾಗ ಕೈ ಹಾಕ್ಯಾನ್ರೀ. ಫೋನ್ ಎತ್ತವಲ್ಲ.”

ಮೂಟೆ ಹೊರುವ ಹಮಾಲರು ಊಟಕ್ಕೆ ಹೋಗಿರುವ ಹೊತ್ತು ಅದು, ಮಿಲ್ಲಿನಲ್ಲಿ ಮರೆಪ್ಪ ಒಬ್ಬನೇ ಇರುತ್ತಾನೆ ಎಂಬುದು ಸಾಹುಕಾರರಿಗೂ ಗೊತ್ತಿತ್ತು. ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ಮಿಲ್ಲಿನ ಎದುರಿಗೆ ಚಹಾದ ಅಂಗಡಿ ಇಟ್ಟುಕೊಂಡಿದ್ದ ಲತೀಫಾ ಚಾಚಿಯ ನಂಬರು ಮಲ್ಲಿಕಾಳ ಬಳಿ ಇತ್ತು. ಚಾಚಿ ಫೋನೆತ್ತಿ, “ಏನ್ ಬೇಟಿ, ನಿಮ್ಮಪ್ಪಗ ಚಹಾ ಕಳಸ್ಬೇಕೇನು?” ಅಂದಳು.

“ಚಾಚಿ, ಗಿರಣಿ ಸಪ್ಪಳ ಬರಾಕತ್ತದೇನ್ರೀ?”

“ಇಲ್ಲಲ್ಲ. ಸಪ್ಪಳಿಲ್ಲ.”

ಅಂದರೆ ಹುಕುಂ ಇನ್ನೂ ಮುಟ್ಟಿಲ್ಲ. “ಲಗೂ ಒಳಗ ಹೋಗ್ರಿ. ಅಪ್ಪಗ ಕೈ ಹೊರಗ ತೆಗಿ ಅನ್ರಿ. ಫೋನ್ ಇಡಬ್ಯಾಡ್ರಿ.”

ಚಾಚಿಯ ಮೊಣಕಾಲು ನೋವು ಇಡೀ ಕಮಲಾಪುರಕ್ಕೆ ಗೊತ್ತಿದ್ದದ್ದೇ. ಅವಳ ಚಪ್ಪಲಿ ಎಳೆಯುವ ಸದ್ದು, ಗೇಟು ಕಿರುಗುಟ್ಟಿದ್ದು, “ಮರೆಪ್ಪಣ್ಣಾ” ಎಂದು ಕೂಗಿದ್ದು ಎಲ್ಲ ಫೋನಿನಲ್ಲಿ ಬಂತು. ಉತ್ತರ ಮಾತ್ರ ಬರಲಿಲ್ಲ. ಮತ್ತೆ ಕೂಗಿದಳು. ಇಲ್ಲ. ಮಲ್ಲಿಕಾ ತನಗೆ ತಿಳಿಯದೆಯೇ ಕಿತ್ತ ವೈರುಗಳನ್ನು ಎದೆಗೆ ಅವುಚಿಕೊಂಡಿದ್ದಳು. ಅಪ್ಪ ಕೈ ಕಳೆದುಕೊಂಡು ಗುಡ್ಡೆ ಬಿದ್ದ ತೊಗರಿಯ ಮೇಲೆ ಮಲಗಿರುವ ಚಿತ್ರವೊಂದು ಕಣ್ಣೆದುರು ಬಂದು ನಿಂತಿತು. ಎಷ್ಟು ತಳ್ಳಿದರೂ ಹೋಗಲೊಲ್ಲದು.

ಕೊನೆಗೆ, ಬಾವಿಯೊಳಗಿಂದ ಬಂದ ಹಾಗೆ ಒಂದು ದನಿ ಕೇಳಿತು. “ಯಾರದು? ಏನ್ರೀ ಚಾಚಿ?”

“ಮಗಳು ಅಳಾಕತ್ತಾಳ. ಮೊದಲ ಕೈ ಹೊರಗ ತೆಗಿ.”

ಮರೆಪ್ಪ ಫೋನು ಹಿಡಿದಾಗ ಅವನ ದನಿಯಲ್ಲಿ ಸಿಟ್ಟಿತ್ತು. “ಯಾಕವ್ವಾ ಮಲ್ಲಿ, ಎರಡ್ ಸಲ ಕೊಟ್ರೂ ಶುರು ಆಗ್ಲಿಲ್ಲ. ತೊಗರಿ ಕಟ್ಕೊಂಡದ, ಇನ್ನೊಂದೀಟು ಉಳದದ, ತಗದು ಬರ್ತೀನಿ, ತಡಿ.”

“ಅಪ್ಪಾ, ಮೂರೂ ಫ್ಯೂಜ್ ಕಿತ್ತು ಕಿಸೆದಾಗ ಹಾಕ್ಕೋ.”

“ಹುಚ್ಚಿ ಇದ್ದೀಯೇನು?”

“ನನ್ನ ಆಣಿ ಅದ ಅಪ್ಪಾ.”

ಅವನು ಗೊಣಗುತ್ತ ಹೋದ. ಫ್ಯೂಜುಗಳು ಒಂದೊಂದಾಗಿ ಕಿಸೆಗೆ ಬಿದ್ದದ್ದು ಅವಳಿಗೆ ಕೇಳಿಸಿತು. ಮೂರೂ ಕಿತ್ತಾಯಿತು ಎಂದು ಅಪ್ಪನಿಂದ ಮೂರು ಸಲ ಹೇಳಿಸಿದ ಮೇಲೆ ಸಾಹುಕಾರರೂ ಅವಳೂ ಸೇರಿ ವೈರುಗಳನ್ನು ಕೂಡಿಸಿದರು. ಇನ್ನು ಲೈನು ಬಂದರೂ ರೋಲರು ತಿರುಗುವುದಿಲ್ಲ. ಬಿಟ್ಟರೆ ಬಿಡಬಹುದಿತ್ತು, ಆದರೆ ಆ ಹುಕುಂ ಏನಾಯಿತೆಂದು ಅವಳಿಗೆ ತಿಳಿಯಲೇಬೇಕಿತ್ತು. ಕಂಪ್ಯೂಟರ್ ಎದ್ದಿತು, ಚುಕ್ಕೆ ಹಳದಿಯಾಗಿತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

ಚುಕ್ಕೆ ಹಸಿರಾಯಿತು.

ಫೋನಿನ ಆಚೆ ಗೋಡೆಯ ಪೆಟ್ಟಿಗೆ ಟಕ್ ಅಂದಿತು. ಸ್ವಲ್ಪ ತಡೆದು ಮತ್ತೆ ಟಕ್. ಮತ್ತೆ. ಅವಳು ಒತ್ತಿದ್ದೆಲ್ಲ ಒಂದರ ಹಿಂದೊಂದು ಹೋಗಿ ಮುಟ್ಟುತ್ತಿತ್ತು.

“ಮಲ್ಲವ್ವಾ,” ಅಪ್ಪನ ದನಿ ತಗ್ಗಿತ್ತು. “ಈಗ ನೀ ಒತ್ತಿದೇನು?”

“ಇಲ್ಲಪ್ಪಾ. ಆವಾಗ ಒತ್ತಿದ್ದು.”

ಫೋನಿನಲ್ಲಿ ಕಟಕಟ ಎಂಬ ಸದ್ದು ಬರತೊಡಗಿತು, ಅವಳು ಚಿಕ್ಕಂದಿನಿಂದ ಬಲ್ಲ ಸದ್ದು. ಅಪ್ಪ ಮತ್ತೆ ರೋಲರಿನ ಕಡೆಗೇ ಹೊರಟನೇನೋ ಎಂದು ಅವಳ ಜೀವ ಹಾರಿತು.

“ಎಲ್ಲಿ ಹೊಂಟಿಯಪ್ಪಾ?”

“ಎಲ್ಲೂ ಇಲ್ಲವ್ವಾ,” ಅಂದ ಮರೆಪ್ಪ. “ಇಲ್ಲೇ ನಿಂತೀನಿ.”

ಕಿಸೆಯೊಳಗಿನ ಫ್ಯೂಜುಗಳು ಮಾತ್ರ ಕಟಕಟ ಅನ್ನುತ್ತಲೇ ಇದ್ದವು.